ಗಡಿನಾಡಿನ ಸಣ್ಣ ಆಸ್ಪತ್ರೆಯಲ್ಲಿ ಸಾಂಕ್ರಾಮಿಕದ ಕಾಲದ ಎಚ್ಚರಗಳು

ಒಬ್ಬಿಬ್ಬರು ವೈದ್ಯರು, ನಾಲ್ಕಾರು ದಾದಿಯರು ಮತ್ತು ಹಂಚಿನ ಮಾಡಿನ ಹಳೆಯ ಕಟ್ಟಡ ಮಾತ್ರ ಇರುವ ಆಸ್ಪತ್ರೆ ಕೋವಿಡ್ ಮಹಾಮಾರಿಯ ಕಾಲದಲ್ಲಿ ತನ್ನ ರೋಗಿಗಳನ್ನು ಹೇಗೆ ಕಾಪಾಡಿಕೊಂಡಿತು ಎಂದು ನೀವು ಕೇಳಿದ್ದೀರಿ. ಬೆಂಗಳೂರಿನಿಂದ ನೋಡುವವರಿಗೆ ವೆಂಟಿಲೇಟರ್, ಐಸಿಯು ಇವೇ ಮೊದಲು ನೆನಪಾಗುವುದು ಸಹಜ. ಕಾಸರಗೋಡಿನ ಈ ಭಾಗದಲ್ಲಿ ಪಂಚಾಯತ್ ವಾರ್ಡಿನಲ್ಲಿ ಸೋಂಕಿನ ಮೇಲೆ ಕಣ್ಣಿಡುವ ವಾರ್ಡ್ ಜಾಗ್ರತಾ ಸಮಿತಿಯ ಕೆಲಸಕ್ಕಾಗಿ ಕುಟುಂಬ ಆರೋಗ್ಯ ಕೇಂದ್ರಕ್ಕೆ ಓಡಾಡಿದ ನನಗೆ ಮನದಟ್ಟಾದದ್ದು ಬೇರೆ. ಸಣ್ಣ ಆಸ್ಪತ್ರೆಯಲ್ಲಿ ರೋಗಿಯ ಸುರಕ್ಷತೆ ಬಹುಮಟ್ಟಿಗೆ ನಿರ್ಧಾರವಾಗುವುದು ಆತ ಗೇಟು ದಾಟಿ ವೈದ್ಯರ ಎದುರು ಕೂರುವವರೆಗಿನ ಹೊತ್ತಿನಲ್ಲಿ. ಯಾರ ಪಕ್ಕದಲ್ಲಿ ಕುಳಿತಿದ್ದ, ಎಂಥ ಗಾಳಿಯಲ್ಲಿ ಕಾದಿದ್ದ, ಹೇಳಿದ ಮಾತು ಅವನಿಗೆ ಅರ್ಥವಾಯಿತೇ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ.

ಇಲ್ಲಿನ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. 1956ರ ನವೆಂಬರ್ 1ರಂದು ನಮ್ಮ ನಾಡು ಕೇರಳಕ್ಕೆ ಸೇರಿತಾದರೂ ದೊಡ್ಡ ಕಾಯಿಲೆ ಬಂದಾಗ ಮಂಜೇಶ್ವರ, ಪೈವಳಿಕೆ, ವರ್ಕಾಡಿ, ಎಣ್ಮಕಜೆಯ ಜನ ಇಂದಿಗೂ ಹೊರಡುವುದು ಮಂಗಳೂರಿಗೆ. ದೇಶದ ಮೂರನೆಯ ಕೋವಿಡ್ ಪ್ರಕರಣ ದೃಢಪಟ್ಟದ್ದು ನಮ್ಮ ಜಿಲ್ಲೆಯಲ್ಲೇ, 2020ರ ಫೆಬ್ರವರಿ 3ರಂದು. ವುಹಾನ್‌ನಿಂದ ಮರಳಿದ ಆ ವಿದ್ಯಾರ್ಥಿಗೆ ಕಾಞಂಗಾಡಿನ ಜಿಲ್ಲಾ ಆಸ್ಪತ್ರೆಯಲ್ಲಿ ಚಿಕಿತ್ಸೆ ನಡೆಯಿತು. ಮಾರ್ಚ್ ಕೊನೆಯಲ್ಲಿ ಕರ್ನಾಟಕವು ತಲಪಾಡಿಯಲ್ಲಿ ಗಡಿ ಮುಚ್ಚಿತು, ಒಳರಸ್ತೆಗಳಿಗೆ ಮಣ್ಣು ಬಿತ್ತು, ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಆಂಬುಲೆನ್ಸುಗಳು ಗಡಿಯಿಂದ ಹಿಂದಿರುಗಿದವು. ಮಂಗಳೂರು ತಲುಪಲಾಗದೆ ಜೀವ ಬಿಟ್ಟವರಿದ್ದಾರೆ. ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿನ ಇನ್ನೂ ಪೂರ್ಣಗೊಳ್ಳದ ಕಟ್ಟಡವನ್ನು ಏಪ್ರಿಲ್ ಮೊದಲ ವಾರದಲ್ಲೇ ಕೋವಿಡ್ ಆಸ್ಪತ್ರೆಯಾಗಿ ತೆರೆದದ್ದೂ, ತೆಕ್ಕಿಲಿನಲ್ಲಿ ಟಾಟಾ ಸಮೂಹ ಕಟ್ಟಿಕೊಟ್ಟ ಆಸ್ಪತ್ರೆ ಅದೇ ವರ್ಷದ ಅಕ್ಟೋಬರಿನಲ್ಲಿ ಆರಂಭವಾದದ್ದೂ ಈ ಸಂಕಟದಿಂದಲೇ. ಇವೆರಡಕ್ಕೂ ಕೆಳಗಿನ ಹಂತದಲ್ಲಿದ್ದ ಸಣ್ಣ ಆಸ್ಪತ್ರೆಗಳು ಮಾಡಿದ ಕೆಲಸ ಮಾತ್ರ ಹೆಚ್ಚು ಸುದ್ದಿಯಾಗಲಿಲ್ಲ.

ಮೊದಲ ಎಚ್ಚರ ಬಾಗಿಲಿನದು. ಹಿಂದೆ ಜ್ವರದವರು, ಬಿಪಿ ಮಾತ್ರೆಗೆ ಬಂದವರು, ಮಗುವಿಗೆ ಚುಚ್ಚುಮದ್ದು ಹಾಕಿಸುವ ತಾಯಂದಿರು ಎಲ್ಲರೂ ಒಂದೇ ಜಗಲಿಯ ಒಂದೇ ಬೆಂಚಿನಲ್ಲಿ ಒತ್ತಿಕೊಂಡು ಕೂರುತ್ತಿದ್ದರು. ಸಾಂಕ್ರಾಮಿಕ ಬಂದಾಗ ಚೀಟಿ ಕೊಡುವ ಕಿಟಕಿಗಿಂತ ಮುಂಚೆಯೇ ಒಬ್ಬ ದಾದಿಯೋ ಆಶಾ ಕಾರ್ಯಕರ್ತೆಯೋ ಮೇಜು ಹಾಕಿ ನಿಂತು, ಜ್ವರ, ಕೆಮ್ಮು, ಉಸಿರಾಟದ ತೊಂದರೆ, ವಾಸನೆ ತಿಳಿಯದಿರುವುದು ಇವುಗಳನ್ನು ವಿಚಾರಿಸಿ ದಾರಿಯನ್ನೇ ಬೇರ್ಪಡಿಸತೊಡಗಿದರು. ಜ್ವರದವರಿಗೆ ಅಂಗಳದ ಒಂದು ಬದಿಯಲ್ಲಿ ಟಾರ್ಪಾಲಿನ ಚಪ್ಪರ, ಬಿಡಿಬಿಡಿಯಾಗಿ ಇಟ್ಟ ಕುರ್ಚಿಗಳು, ಅಲ್ಲಿಯೇ ವೈದ್ಯರ ತಪಾಸಣೆ, ಔಷಧವೂ ಅಲ್ಲಿಗೇ. ಒಳಗಿನ ಔಷಧಾಲಯದ ಸಾಲಿಗೆ ಅವರು ಬರಲೇ ಕೂಡದು. ಬಡ ಆಸ್ಪತ್ರೆಯ ಅನಿವಾರ್ಯ ಏರ್ಪಾಡೆಂದು ಕೆಲವರು ಇದನ್ನು ಭಾವಿಸಿದರು. ನನ್ನ ತಿಳಿವಳಿಕೆಯಲ್ಲಿ ಅದು ಹವಾನಿಯಂತ್ರಿತ ಕೊಠಡಿಗಿಂತ ಎಷ್ಟೋ ಮೇಲು. ಉಸಿರಿನೊಂದಿಗೆ ಹೊರಬಂದ ವೈರಾಣು ಮುಚ್ಚಿದ ಕೋಣೆಯಲ್ಲಿ ಸುಳಿದಾಡುತ್ತ ಉಳಿಯುತ್ತದೆ, ಬಯಲಲ್ಲಿ ಚದುರಿಹೋಗುತ್ತದೆ. ಎದುರುಬದುರು ಕಿಟಕಿಗಳಿರುವ, ಎತ್ತರದ ಮಾಡಿನ ಹಳೆಯ ಕಟ್ಟಡಗಳು ಈ ವಿಷಯದಲ್ಲಿ ನಮ್ಮನ್ನು ಕಾಪಾಡಿದವು. ಆದರೆ ಜೂನ್ ತಿಂಗಳ ಇರಚಲು ಮಳೆಗೆ ಕಿಟಕಿ ಮುಚ್ಚಿಬಿಡುವ ಅಭ್ಯಾಸವನ್ನು ಬಿಡಿಸುವುದಕ್ಕೆ ದಾದಿಯರು ದಿನವೂ ಹೆಣಗಬೇಕಾಯಿತು.

ಮಳೆಗಾಲದ ಮಾತು ಬಂದುದರಿಂದ ಹೊರಗಿನವರು ಗಮನಿಸದ ಒಂದು ಸಂಗತಿಯನ್ನು ಹೇಳುತ್ತೇನೆ. ನಮ್ಮದು ಅಡಿಕೆ ತೋಟಗಳ ನಾಡು. ಬಿದ್ದ ಅಡಿಕೆ ಹಾಳೆಯಲ್ಲಿ (ಸೋಗೆಯ ಬುಡದ ಅಗಲ ಭಾಗದಲ್ಲಿ) ನಿಂತ ನೀರಿನಲ್ಲಿ ಸೊಳ್ಳೆ ಮೊಟ್ಟೆಯಿಡುತ್ತದೆ, ಡೆಂಗ್ಯೂ ಹಬ್ಬುತ್ತದೆ. ಗದ್ದೆ ತೋಟಗಳ ಕೆಸರಿನಲ್ಲಿ ದುಡಿಯುವವರಿಗೆ ಇಲಿಜ್ವರ ತಗಲುತ್ತದೆ. ಎಲ್ಲ ಜ್ವರವನ್ನೂ ಕೋವಿಡ್ ಎಂದೇ ಭಾವಿಸಿ ಪರೀಕ್ಷೆಯ ಫಲಿತಾಂಶಕ್ಕೆ ಕಾಯುತ್ತ ಕೂತರೆ, ಪ್ಲೇಟ್‌ಲೆಟ್ ಇಳಿಯುತ್ತಿರುವ ಡೆಂಗ್ಯೂ ರೋಗಿಯೋ, ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತಿರುವ ಇಲಿಜ್ವರದ ರೋಗಿಯೋ ಕೈತಪ್ಪುತ್ತಾರೆ. ಆದ್ದರಿಂದ ಮೀನಖಂಡ ನೋಯುತ್ತಿದೆಯೇ, ಕಣ್ಣು ಕೆಂಪಾಗಿದೆಯೇ, ಮೂತ್ರ ಕಡಿಮೆಯಾಗಿದೆಯೇ, ತೋಟದ ಕೆಲಸಕ್ಕೆ ಹೋಗಿದ್ದಿರಾ ಎಂಬ ಹಳೆಯ ಪ್ರಶ್ನೆಗಳನ್ನು ಹೊಸ ರೋಗದ ಭಯದಲ್ಲಿಯೂ ಕೈಬಿಡದೆ ಕೇಳಿದ ವೈದ್ಯರು ಅನೇಕರನ್ನು ಉಳಿಸಿದರೆಂದು ನಾನು ನಂಬಿದ್ದೇನೆ.

ಈ ಪ್ರಶ್ನೆಗಳನ್ನು ಯಾವ ಭಾಷೆಯಲ್ಲಿ ಕೇಳಬೇಕು ಎಂಬುದು ನಮ್ಮಲ್ಲಿ ಚಿಕಿತ್ಸೆಯದೇ ಭಾಗ. ಕನ್ನಡ, ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ, ಉರ್ದು ಇವೆಲ್ಲ ಒಂದೇ ಪಂಚಾಯತಿನಲ್ಲಿ ಕೇಳಿಬರುತ್ತವೆ. ತೆಂಕಣ ಜಿಲ್ಲೆಗಳಿಂದ ನೇಮಕಗೊಂಡು ಬಂದ ವೈದ್ಯರಿಗೆ ಕನ್ನಡ ಬರುವುದಿಲ್ಲ, ತೋಟದ ಮನೆಯ ಅಜ್ಜಿಗೆ ಮಲಯಾಳ ಬರುವುದಿಲ್ಲ. ಕೆಲವೆಡೆ ಕ್ವಾರಂಟೈನಿನ ಸೂಚನೆಗಳು ಮಲಯಾಳದಲ್ಲಿ ಮಾತ್ರ ಬಂದವು. ಅದರಿಂದ ಆದ ಗೊಂದಲವನ್ನು ಮನೆಮನೆಗೆ ಹೋಗಿ ಸರಿಪಡಿಸಿದವರು ಆಶಾ ಕಾರ್ಯಕರ್ತೆಯರು. ನಮ್ಮ ಊರಿನ ದಾದಿಯೊಬ್ಬರು ಮಾತ್ರೆಯ ಚೀಟಿಯ ಹಿಂದೆ ಸೂರ್ಯ, ಚಂದ್ರರ ಚಿತ್ರ ಬರೆದು, ತುಳುವಿನಲ್ಲಿ ವಿವರಿಸಿ, ಆಮೇಲೆ ಅಜ್ಜಿಯ ಬಾಯಿಂದಲೇ ಅದನ್ನು ಮತ್ತೊಮ್ಮೆ ಹೇಳಿಸುತ್ತಿದ್ದರು. ಅಜ್ಜಿ ತಪ್ಪದೆ ಹೇಳಿದ ಮೇಲೆಯೇ ಮಾತ್ರೆಯ ಪೊಟ್ಟಣ ಕೈಗೆ ಬರುತ್ತಿತ್ತು. ಇದಕ್ಕಿಂತ ಒಳ್ಳೆಯ ಸುರಕ್ಷತಾ ಕ್ರಮವನ್ನು ನಾನು ಯಾವ ದೊಡ್ಡ ಆಸ್ಪತ್ರೆಯಲ್ಲಿಯೂ ಕಂಡಿಲ್ಲ.

ಶುಚಿಗೊಳಿಸುವ ಕೆಲಸವನ್ನು ಹತ್ತಿರದಿಂದ ನೋಡಿದವರಿಗೆ ಅದರ ಸೂಕ್ಷ್ಮ ತಿಳಿಯುತ್ತದೆ. 30 ಗ್ರಾಂ ಬ್ಲೀಚಿಂಗ್ ಪೌಡರನ್ನು ಮೊದಲು ಸ್ವಲ್ಪ ನೀರಿನಲ್ಲಿ ಹಿಟ್ಟಿನಂತೆ ಕಲಸಿ, ಬಳಿಕ ಒಂದು ಲೀಟರಿಗೆ ತುಂಬಿಸಿ, ಗಸಿ ಕೆಳಗೆ ಕೂತ ಮೇಲೆ ಮೇಲಿನ ತಿಳಿಯನ್ನು ಪ್ಲಾಸ್ಟಿಕ್ ಬಕೆಟ್ಟಿಗೆ ಬಸಿದುಕೊಂಡರೆ ಸುಮಾರು ಶೇಕಡಾ 1ರ ದ್ರಾವಣ ದೊರೆಯುತ್ತದೆ. ಬೆಳಕಿಗೆ ಅದರ ಶಕ್ತಿ ಕುಂದುವುದರಿಂದ ಮುಚ್ಚಳ ಹಾಕಿಡಬೇಕು, ದಿನವೂ ಹೊಸದಾಗಿ ಮಾಡಿಕೊಳ್ಳಬೇಕು. ನೆಲವನ್ನು ಮೊದಲು ಸೋಪಿನ ನೀರಿನಿಂದ ತೊಳೆಯದೆ ಇದನ್ನು ಸುರಿದರೆ ಕ್ಲೋರಿನ್ ಕೊಳೆಯ ಮೇಲೆಯೇ ಖರ್ಚಾಗಿಬಿಡುತ್ತದೆ. ಒರೆಸಿದ ಕೂಡಲೇ ಒಣಬಟ್ಟೆ ಹಾಕದೆ ಹತ್ತು ನಿಮಿಷ ಹಾಗೆಯೇ ಬಿಡಬೇಕು. ಜ್ವರದವರ ಜಾಗವನ್ನು ಕೊನೆಯಲ್ಲಿ, ಬೇರೆಯೇ ಬಟ್ಟೆಯಿಂದ ಒರೆಸಬೇಕು. ಶೌಚಾಲಯ ತೊಳೆಯುವ ಆಮ್ಲವನ್ನು ಇದಕ್ಕೆ ಬೆರೆಸಿದರೆ ವಿಷಾನಿಲ ಏಳುತ್ತದೆ. ಇಷ್ಟನ್ನೂ ತಪ್ಪದೆ ಮಾಡುತ್ತಿದ್ದವರು ದಿನಗೂಲಿಯ ಸ್ವಚ್ಛತಾ ಕಾರ್ಮಿಕರು. ಆಸ್ಪತ್ರೆಯ ರಕ್ಷಣೆಯಲ್ಲಿ ಅವರ ಪಾಲು ವೈದ್ಯರದಕ್ಕಿಂತ ಕಡಿಮೆಯಲ್ಲ, ಸಂಬಳ ಮಾತ್ರ ಅತಿ ಕಡಿಮೆ ಎಂಬುದು ನನಗೆ ಇಂದಿಗೂ ನೋವಿನ ವಿಷಯ.

ಸಿಬ್ಬಂದಿಯನ್ನು ಕಾಪಾಡುವುದೆಂದರೆ ರೋಗಿಯನ್ನೇ ಕಾಪಾಡಿದಂತೆ. 2018ರಲ್ಲಿ ಕೋಝಿಕ್ಕೋಡಿನ ಕಡೆ ನಿಪಾ ವೈರಾಣು ಜ್ವರ ಬಂದಾಗ ಪೇರಾಂಬ್ರ ತಾಲೂಕು ಆಸ್ಪತ್ರೆಯ ದಾದಿ ಲಿನಿ ರೋಗಿಯ ಆರೈಕೆಯಲ್ಲಿಯೇ ಸೋಂಕು ತಗಲಿ ತೀರಿಕೊಂಡದ್ದನ್ನು ಕೇರಳದ ದಾದಿಯರು ಮರೆತಿರಲಿಲ್ಲ. ರಕ್ಷಣಾ ಉಡುಪನ್ನು ತೊಡುವಾಗಿನದಕ್ಕಿಂತ ಕಳಚುವಾಗ ಅಪಾಯ ಹೆಚ್ಚು. ಆದ್ದರಿಂದ ಒಬ್ಬರು ಕಳಚುವಾಗ ಇನ್ನೊಬ್ಬರು ದೂರ ನಿಂತು ಕೈಗವಸು, ಗೌನು, ಕನ್ನಡಕ, ಎಲ್ಲಕ್ಕೂ ಕೊನೆಯಲ್ಲಿ ಮಾಸ್ಕ್ ಎಂದು ಹೇಳಿಕೊಡುತ್ತಿದ್ದರು, ನಡುನಡುವೆ ಕೈ ತೊಳೆಸುತ್ತಿದ್ದರು. ರೋಗಿಯ ಎದುರು ಇಷ್ಟು ಎಚ್ಚರವಹಿಸಿದವರು ಚಹಾ ಕುಡಿಯುವ ಪುಟ್ಟ ಕೋಣೆಯಲ್ಲಿ ಮಾಸ್ಕ್ ತೆಗೆದು ಒಟ್ಟಿಗೆ ಕೂತಾಗಲೇ ಸೋಂಕು ದಾಟುವ ಸಂಭವ ಹೆಚ್ಚೆಂದು ಅರಿವಾದ ಮೇಲೆ, ಊಟ ತಿಂಡಿಗೆ ಸರದಿ ಬಂತು. ಸಿಬ್ಬಂದಿಯನ್ನು ಎರಡು ತಂಡ ಮಾಡಿದ್ದರಿಂದ ಒಂದು ತಂಡಕ್ಕೆ ಸೋಂಕು ಬಂದರೂ ಆಸ್ಪತ್ರೆ ಮುಚ್ಚುವ ಪ್ರಮೇಯ ಬರುತ್ತಿರಲಿಲ್ಲ. 2021ರ ಜನವರಿ 16ರಂದು ಲಸಿಕೆ ಆರಂಭವಾದಾಗ ಮೊದಲ ಸರದಿ ಇವರಿಗೇ ಸಿಕ್ಕಿತು.

ಆಸ್ಪತ್ರೆಗೆ ಬರಲೇಬಾರದವರನ್ನು ಬರದಂತೆ ನೋಡಿಕೊಂಡದ್ದೂ ದೊಡ್ಡ ಕೆಲಸ. ಸಕ್ಕರೆ ಕಾಯಿಲೆ, ರಕ್ತದೊತ್ತಡದವರಿಗೆ ಒಂದೆರಡು ತಿಂಗಳಿನ ಮಾತ್ರೆ ಒಟ್ಟಿಗೇ ಮನೆಗೆ ಹೋಯಿತು. 2020ರ ಜೂನಿನಿಂದ ಸರ್ಕಾರದ ದೂರವೈದ್ಯ ಸೇವೆಯಾದ ಇ-ಸಂಜೀವನಿಯ ಮೂಲಕ ಫೋನಿನಲ್ಲಿಯೇ ವೈದ್ಯರನ್ನು ಕಾಣುವ ಅನುಕೂಲವಾಯಿತು. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆಗಳಂಥ ಪಂಚಾಯತುಗಳಲ್ಲಿ ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರು ಹಾಸಿಗೆಯಲ್ಲಿಯೇ ಇದ್ದಾರೆ. ಅವರ ಮನೆಗೆ ಹೋಗುವ ಪಾಲಿಯೇಟಿವ್ (ನೋವು ಶಮನದ ಆರೈಕೆಯ) ದಾದಿಯರು ಜ್ವರದ ಮನೆಗಳಿಗೆ ಹೋಗುವ ಮೊದಲೇ, ಬೆಳಗ್ಗೆಯೇ, ಇವರ ಆರೈಕೆ ಮುಗಿಸುವ ಕ್ರಮವಿಟ್ಟುಕೊಂಡರು. ಡಯಾಲಿಸಿಸ್‌ನವರ ಕಷ್ಟ ಮಾತ್ರ ಹೀಗೆ ತೀರುವಂಥದ್ದಲ್ಲ. ವಾರಕ್ಕೆ ಎರಡು ಮೂರು ಸಲ ಯಂತ್ರದ ಬಳಿಗೆ ಹೋಗಲೇಬೇಕಾದ ಅವರಿಗೆ ಗಡಿ ಮುಚ್ಚಿದ ದಿನಗಳು ನರಕವಾಗಿದ್ದವು.

ಕೊನೆಯದಾಗಿ, ತನ್ನಿಂದ ಆಗದ್ದನ್ನು ಸಕಾಲದಲ್ಲಿ ಗುರುತಿಸಿ ಮುಂದೆ ಕಳುಹಿಸುವುದು. ರಕ್ತದ ಆಮ್ಲಜನಕದ ಶೇಕಡಾವಾರು ತೋರಿಸುವ ಆಕ್ಸಿಮೀಟರನ್ನು ಬೆರಳಿಗೆ ಹಾಕುವ ಮೊದಲು ಉಗುರಿನ ಬಣ್ಣ ಅಳಿಸಬೇಕು, ಮಳೆಯಲ್ಲಿ ನೆನೆದು ತಣ್ಣಗಾದ ಕೈಯನ್ನು ಉಜ್ಜಿ ಬೆಚ್ಚಗಾಗಿಸಬೇಕು. ಇಲ್ಲದಿದ್ದರೆ ಅಂಕಿ ಸುಳ್ಳು ಹೇಳುತ್ತದೆ. ಕುಳಿತಾಗ 96 ಇದ್ದವರನ್ನು ಜಗಲಿಯಲ್ಲಿ ಆರು ನಿಮಿಷ ನಡೆಸಿದಾಗ 94ಕ್ಕಿಂತ ಕೆಳಗಿಳಿದರೆ ಕಾಯುವಂತಿಲ್ಲ. ಆಗ ಸಿಲಿಂಡರಿನ ಲೆಕ್ಕ ಬರುತ್ತದೆ. ಆಂಬುಲೆನ್ಸಿನ ಬಿ ಮಾದರಿಯ ಸಿಲಿಂಡರಿನಲ್ಲಿ ಸುಮಾರು 1500 ಲೀಟರ್ ಆಮ್ಲಜನಕವಿರುತ್ತದೆ. ನಿಮಿಷಕ್ಕೆ 5 ಲೀಟರಿನಂತೆ ಬಿಟ್ಟರೆ ಐದು ಗಂಟೆ, 15 ಲೀಟರ್ ಬೇಕಾದವರಿಗೆ ಒಂದು ಗಂಟೆ ನಲವತ್ತು ನಿಮಿಷ. ಮಂಗಳೂರು ಸಮೀಪ, ಆದರೆ ತಲಪಾಡಿಯಲ್ಲಿ ತಡೆದರೆ? ಕಣ್ಣೂರು ಜಿಲ್ಲೆಯ ಪರಿಯಾರಂ ವೈದ್ಯಕೀಯ ಕಾಲೇಜು ದೂರ, ಆದರೆ ಅಲ್ಲಿ ಹಾಸಿಗೆ ಇದೆಯೇ? ಇದನ್ನೆಲ್ಲ ಹೊರಡುವ ಮೊದಲೇ ಫೋನು ಮಾಡಿ ಗೊತ್ತುಮಾಡಿಕೊಂಡು, ಎರಡನೆಯ ಸಿಲಿಂಡರ್ ಇಟ್ಟು, ಕೊಟ್ಟ ಔಷಧ, ಹೊತ್ತು, ಆಮ್ಲಜನಕದ ಪ್ರಮಾಣಗಳನ್ನು ಗಡಿಯ ಎರಡೂ ಕಡೆಯವರು ಓದಬಲ್ಲಂತೆ ಇಂಗ್ಲಿಷಿನಲ್ಲಿ ಬರೆದು, ರೋಗಿಯ ಕಡೆಯವರಿಗೆ ಅವರ ಮಾತಿನಲ್ಲಿ ಎಲ್ಲಿಗೆ, ಏಕೆ ಎಂದು ತಿಳಿಸಿ ಕಳುಹಿಸುವ ಪದ್ಧತಿ ನಮ್ಮಲ್ಲಿ ಬೇರೂರಿತು. ಎದೆನೋವಿನವರನ್ನಾಗಲಿ ಹೆರಿಗೆ ನೋವಿನವರನ್ನಾಗಲಿ ಇಂದಿಗೂ ಮಂಗಳೂರಿಗೆ ಕಳುಹಿಸುವುದು ಇದೇ ಕ್ರಮದಲ್ಲಿ.