ಹಳೆಯ ಜಿ.ಐ. ಪೈಪು ಗೋಡೆಯಲ್ಲೇ ಇರಲಿ, ನೀರು ಮಾತ್ರ ಬೇರೆ ದಾರಿಯಲ್ಲಿ ಬರಲಿ

ನೀವು ಕೇಳಿರುವುದು ಇಷ್ಟು: ಬೆಂಗಳೂರಿನ ಜಯನಗರದಲ್ಲಿ 1988ರಲ್ಲಿ ಕಟ್ಟಿದ ಎರಡು ಅಂತಸ್ತಿನ ಮನೆ, ಗೋಡೆಯೊಳಗೆಲ್ಲ ಜಿ.ಐ. ಎಂಬ ಕಬ್ಬಿಣದ ಪೈಪು. ಮೇಲಿನ ಬಚ್ಚಲುಮನೆಯ ನೇರ ಕೆಳಗೆ ನಡುಮನೆಯ ಗೋಡೆ ಒದ್ದೆಯಾಗಿ ಬಣ್ಣ ಹಪ್ಪಳದಂತೆ ಉಬ್ಬಿ ಉದುರುತ್ತಿದೆ. ಒಬ್ಬ ಪ್ಲಂಬರ್ ಸೋರುವ ತುಂಡನ್ನಷ್ಟೇ ಬದಲಾಯಿಸೋಣ ಎನ್ನುತ್ತಾರೆ, ಇನ್ನೊಬ್ಬರು ಎಲ್ಲ ಒಡೆದು ಹಳೆಯದನ್ನು ಕಿತ್ತು ಹೊಸದು ಹಾಕಬೇಕು ಎನ್ನುತ್ತಾರೆ. ಯಾರ ಮಾತು ಕೇಳಲಿ?

ಹಳೆಯ ಮನೆಗಳ ದುರಸ್ತಿಯೇ ನನ್ನ ಕಸುಬು. ಇಬ್ಬರ ಮಾತನ್ನೂ ಅರ್ಧರ್ಧ ಕೇಳಿ ಎನ್ನುತ್ತೇನೆ. ಪೈಪು ಪೂರ್ತಿ ಹೊಸದಾಗಲಿ, ಆದರೆ ಹಳೆಯದನ್ನು ಕೀಳುವ ಗೊಡವೆ ಬೇಡ.

ಅದಕ್ಕೂ ಮೊದಲು, ಸೋರುತ್ತಿರುವುದು ನೀರು ಬರುವ ಪೈಪೋ ನೀರು ಹೋಗುವ ಪೈಪೋ ಎಂಬುದು ಗೊತ್ತಾಗಬೇಕು. ರಾತ್ರಿ ಎಲ್ಲರೂ ಮಲಗುವ ಹೊತ್ತಿಗೆ ಮೋಟಾರ್ ನಿಲ್ಲಿಸಿ, ನಲ್ಲಿಗಳನ್ನೆಲ್ಲ ಬಿಗಿದು, ಮೇಲಿನ ಟ್ಯಾಂಕಿನಲ್ಲಿ ನೀರಿನ ಮಟ್ಟಕ್ಕೆ ಒಂದು ಗುರುತು ಹಾಕಿ. ಬೆಳಗ್ಗೆ ಯಾರೂ ನೀರು ಮುಟ್ಟುವ ಮುಂಚೆ ನೋಡಿ. ಮಟ್ಟ ಇಳಿದಿದ್ದರೆ ಪೈಪಿನದೇ ತೊಂದರೆ ಎಂದು ಕೂಡಲೇ ತೀರ್ಮಾನಿಸಬೇಡಿ, ಕಮೋಡಿನ ಫ್ಲಶ್ ಟ್ಯಾಂಕ್ ಸದ್ದಿಲ್ಲದೆ ಸೋರುತ್ತಿರಬಹುದು. ಬಟ್ಟೆಗೆ ಹಾಕುವ ನೀಲಿಯನ್ನು ನಾಲ್ಕು ಹನಿ ಅದರೊಳಗೆ ಬಿಡಿ. ಫ್ಲಶ್ ಮಾಡದೆಯೇ ಕೆಳಗೆ ನೀಲಿ ಇಳಿದರೆ ಅಲ್ಲಿಯ ವಾಷರ್ ಬದಲಾಯಿಸಿದರೆ ಸಾಕು. ಟ್ಯಾಂಕಿನ ಮಟ್ಟ ಇಳಿಯದೆ ಗೋಡೆ ಮಾತ್ರ ಒದ್ದೆಯಾಗುತ್ತಿದ್ದರೆ, ಅದರಲ್ಲೂ ಸ್ನಾನವಾದ ಮೇಲೆ ಒದ್ದೆ ಹೆಚ್ಚುತ್ತಿದ್ದರೆ, ದೋಷ ನಹಾನಿ ಟ್ರ್ಯಾಪಿನ (ಬಚ್ಚಲ ನೆಲದಲ್ಲಿ ನೀರು ಹೋಗುವ ಜಾಲರಿ ಬಾಯಿಯ) ಸುತ್ತಲೋ ಟೈಲ್ಸ್ ಸಂದುಗಳಲ್ಲೋ ಇರುತ್ತದೆ. ಆಗ ನೀರಿನ ಪೈಪನ್ನೆಲ್ಲ ಬದಲಾಯಿಸಿದರೂ ಗೋಡೆ ಒಣಗುವುದಿಲ್ಲ.

ಪೈಪಿನದೇ ಸೋರಿಕೆ ಎಂದಾದರೆ, ತುಂಡು ಬದಲಾಯಿಸುವ ಸಲಹೆಯನ್ನು ನಾನೇಕೆ ಒಪ್ಪುವುದಿಲ್ಲ ಎಂದು ಹೇಳುತ್ತೇನೆ. ಜಿ.ಐ. ಎಂದರೆ ಕಬ್ಬಿಣಕ್ಕೆ ಸತುವಿನ ಲೇಪ. ಜೋಡಿಸಲೆಂದು ಥ್ರೆಡ್ (ತಿರುಪಿನ ಗೆರೆ) ಕತ್ತರಿಸಿದ ಕಡೆಯಲ್ಲಿ ಆ ಲೇಪವೂ ಹೋಗಿರುತ್ತದೆ, ಪೈಪಿನ ದಪ್ಪವೂ ಇಳಿದಿರುತ್ತದೆ. ಹಾಗಾಗಿ ತುಕ್ಕು ಎಲ್ಬೋ, ಟೀ, ಸಾಕೆಟ್ ಮುಂತಾದ ಜೋಡಣೆಯ ತುಂಡುಗಳ ಕುತ್ತಿಗೆಯಲ್ಲೇ ಮೊದಲು ತೂತು ಮಾಡುತ್ತದೆ. ಬಿಸಿನೀರಿನಲ್ಲಿ ಸತು ಇನ್ನೂ ಬೇಗ ಸವೆಯುವುದರಿಂದ ಗೀಸರಿನ ಲೈನು ಮೊದಲು ಕೈಕೊಡುತ್ತದೆ. ಇಂಥ ಮನೆಗಳಿಂದ ತೆಗೆದ ಅರ್ಧ ಇಂಚಿನ ಪೈಪನ್ನು ಉದ್ದಕ್ಕೆ ಸೀಳಿಸಿ ನೋಡಿದ್ದೇನೆ. ಒಳಗೆ ಕಂದು ಗಂಟುಗಳು, ಅವುಗಳ ಮೇಲೆ ಬೋರ್‌ವೆಲ್ ನೀರಿನ ಸುಣ್ಣದ ಪೊರೆ, ನಡುವೆ ಪೆನ್ಸಿಲ್ ತೂರುವಷ್ಟು ದಾರಿ. ಸುತ್ತಿಗೆಯಿಂದ ಮೆಲ್ಲಗೆ ಬಡಿದರೆ ಪೈಪಿನ ಹೊರಮೈಯೂ ಚಕ್ಕೆ ಚಕ್ಕೆಯಾಗಿ ಕಳಚುತ್ತದೆ. ಇಂಥ ಪೈಪಿಗೆ ಪ್ಲಂಬರ್ ರೆಂಚ್ ಹಾಕಿ ತಿರುಗಿಸಿದಾಗ ಆ ತಿರುಚು ಒಂದೇ ತುಂಡಿಗೆ ನಿಲ್ಲದೆ ಗೋಡೆಯೊಳಗಿನ ಮುಂದಿನ ಜೋಡಣೆಗೂ ತಲುಪುತ್ತದೆ. ಇವತ್ತು ಇಲ್ಲಿ ಸರಿಯಾಯಿತು ಎನ್ನುವಷ್ಟರಲ್ಲಿ ಮೂರಡಿ ಆಚೆ ಹೊಸ ಜಿನುಗು ಶುರುವಾಗುತ್ತದೆ. ಬೆಳಗಿನ ಮೊದಲ ಚೊಂಬು ನೀರು ಕೆಂಪಗೆ ಬರುತ್ತಿದ್ದರೆ ಪೈಪಿನ ಆಯುಸ್ಸು ಮುಗಿಯುತ್ತಿದೆ ಎಂದೇ ತಿಳಿಯಿರಿ.

ಇನ್ನು ಕೀಳುವ ವಿಚಾರ. ಹಳೆಯ ಪೈಪು ಇರುವ ದಾರಿಯಲ್ಲೇ ಹೊಸದು ಹೋಗಬೇಕೆಂಬ ನಿಯಮವಿಲ್ಲ. ಟ್ಯಾಂಕಿನಿಂದ ಹೊಸ ಸಿಪಿವಿಸಿ (ಬಿಸಿನೀರನ್ನೂ ತಾಳುವ ಪ್ಲಾಸ್ಟಿಕ್ ಪೈಪು) ಲೈನನ್ನು ಮನೆಯ ಹೊರಗೋಡೆಯ ಮೇಲೆ ಇಳಿಸಿ, ಬಚ್ಚಲುಮನೆಯ ನಲ್ಲಿಗಳ ಹಿಂದೆ ತೂತು ಕೊರೆದು ಒಳಕ್ಕೆ ಕೊಡಿ. ನಲ್ಲಿ ಒಳಗೋಡೆಯಲ್ಲಿದ್ದರೆ ಮಾತ್ರ ಒಂದು ಸಾಲು ಟೈಲ್ಸ್ ಒಡೆಯಬೇಕಾದೀತು. ಇದರಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸುವುದು, ಕೆಲಸ ನಡೆಯುವಾಗಲೂ ಹಳೆಯ ಲೈನಿನಲ್ಲಿ ನೀರು ಬರುತ್ತಲೇ ಇರುತ್ತದೆ. ಜೋಡಣೆ ಬದಲಾಯಿಸುವ ದಿನ ಅರ್ಧ ದಿವಸ ನೀರಿಲ್ಲದಿದ್ದರೆ ಆಯಿತು. ಮುಂದೆ ಎಲ್ಲಿಯಾದರೂ ಸೋರಿದರೆ ಹೊರಗೇ ಕಾಣುತ್ತದೆ. ಹಳೆಯ ಲೈನನ್ನು ಟ್ಯಾಂಕಿನ ಬುಡದಲ್ಲಿ ಕತ್ತರಿಸಿ, ಕೆಳಗಿನ ನಲ್ಲಿ ತೆರೆದು ಪೂರ್ತಿ ಬಸಿದು, ಬಾಯಿಗಳಿಗೆಲ್ಲ ಪ್ಲಗ್ ಹಾಕಿಬಿಡಿ. ಹೊರಗೋಡೆಯ ಪೈಪು ಅಂದಗೆಡಿಸುತ್ತದೆ ಎಂದು ಮನೆಯವರು ಮೂಗು ಮುರಿಯುವುದುಂಟು. ಗೋಡೆಯ ಬಣ್ಣವನ್ನೇ ಬಳಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಬಿಸಿಲಿನಿಂದ ಸಿಪಿವಿಸಿಯನ್ನು ಕಾಪಾಡಲು ಬಣ್ಣ ಹೇಗೂ ಬೇಕು, ಆದರೆ ನೀರಿನಲ್ಲಿ ಕಲಸುವ ಅಕ್ರಿಲಿಕ್ ಬಣ್ಣವೇ ಆಗಬೇಕು, ಎಣ್ಣೆ ಬಣ್ಣ ಬಳಿಯಬಾರದು.

ಕೆಲಸ ಮಾಡಿಸುವಾಗ ನೀವೇ ನಿಂತು ನೋಡಬೇಕಾದ ಕೆಲವು ಸಂಗತಿಗಳಿವೆ. ತಣ್ಣೀರಿಗೆ ಬಳಸುವ ಯುಪಿವಿಸಿ ಪ್ಲಾಸ್ಟಿಕ್ ಪೈಪಿನ ಅಂಟಿನಿಂದ ಸಿಪಿವಿಸಿ ಜೋಡಿಸಲು ಬಿಡಬೇಡಿ, ಎರಡರ ಅಂಟು ಬೇರೆ ಬೇರೆ. ನಲ್ಲಿ ಕೂರುವ ಕಡೆ ಹಿತ್ತಾಳೆಯ ಥ್ರೆಡ್ ಇರುವ ಫಿಟ್ಟಿಂಗೇ ಬರಲಿ, ಪ್ಲಾಸ್ಟಿಕ್ ಥ್ರೆಡ್ ಬಿಗಿಯುವಾಗಲೇ ಸೀಳುತ್ತದೆ. ಗೀಸರಿಗೆ ಸಿಪಿವಿಸಿ ನೇರವಾಗಿ ತಾಗದೆ, ನಡುವೆ ಒಂದಡಿಯಷ್ಟು ಲೋಹದ ಪೈಪು ಇರಲಿ. ಬಿಸಿನೀರಿನ ಸಿಪಿವಿಸಿ ಪೈಪು ಹಿಗ್ಗುತ್ತದೆ. ಶಾಖ 50 ಡಿಗ್ರಿ ಏರಿದರೆ ಮೂರು ಮೀಟರ್ ಉದ್ದಕ್ಕೆ ಸುಮಾರು ಒಂದು ಸೆಂಟಿಮೀಟರ್. ಆದ್ದರಿಂದ ಕ್ಲ್ಯಾಂಪ್‌ಗಳು ಪೈಪನ್ನು ಉಸಿರುಗಟ್ಟಿಸುವಂತೆ ಬಿಗಿಯಬಾರದು.

ತೂತು ಮುಚ್ಚುವ ಮೊದಲು ಒತ್ತಡ ಪರೀಕ್ಷೆ ಆಗಲೇಬೇಕು. ‘ಟ್ಯಾಂಕ್ ತುಂಬಿಸಿ ನೋಡಿದ್ದೇವೆ ಸಾರ್, ಒಂದು ಹನಿಯೂ ಇಲ್ಲ’ ಎಂದರೆ ಒಪ್ಪಬೇಡಿ. ಹತ್ತು ಮೀಟರ್ ಎತ್ತರದ ನೀರು ಕೊಡುವುದು ಒಂದು ಚದರ ಸೆಂಟಿಮೀಟರಿಗೆ ಒಂದೇ ಕೆ.ಜಿ. ಒತ್ತಡ, ನಿಮ್ಮ ಮನೆಯಲ್ಲಿ ಅಷ್ಟೂ ಇರಲಾರದು. ಅಂಟು ಒಣಗಲು ಒಂದು ದಿನ ಬಿಟ್ಟು, ಕೈಪಂಪಿನಿಂದ ಹತ್ತು ಕೆ.ಜಿ.ಯವರೆಗೆ ಏರಿಸಿ, ಒಂದು ಗಂಟೆ ಹೊತ್ತು ಗೇಜಿನ ಮುಳ್ಳು ಇಳಿಯದಿದ್ದರೆ ಹಣ ಕೊಡಿ. ಗೋಡೆಗೆ ಬಣ್ಣ ಬಳಿಯಲು ಮಾತ್ರ ಅವಸರ ಬೇಡ. ಉಬ್ಬಿದ ಗಾರೆಯನ್ನು ಕೆರೆದು ಒಂದು ಬೇಸಿಗೆ ಒಣಗಲು ಬಿಡಿ.

ಕೊನೆಯದು, ಪ್ಲಂಬರ್‌ಗಳು ಯಾರೂ ಹೇಳದ ಮಾತು. ಹಳೆಯ ಮನೆಗಳಲ್ಲಿ ಎಷ್ಟೋ ಕಡೆ ಅರ್ತಿಂಗ್ ತಂತಿಯನ್ನು (ಶಾಕ್ ಹೊಡೆಯದಂತೆ ಕರೆಂಟನ್ನು ನೆಲಕ್ಕೆ ಇಳಿಸುವ ತಂತಿ) ನೀರಿನ ಜಿ.ಐ. ಪೈಪಿಗೇ ಕಟ್ಟಿರುತ್ತಾರೆ. ಆ ಪೈಪನ್ನು ಕತ್ತರಿಸಿ ಪ್ಲಾಸ್ಟಿಕ್ ಹಾಕಿದ ದಿನ ನಿಮ್ಮ ಗೀಸರಿನ ಅರ್ತಿಂಗ್ ಕೂಡ ಹೋಗಿರಬಹುದು. ಹೊಸ ಲೈನಿಗೆ ನೀರು ಬಿಟ್ಟ ಮೇಲೆ, ಗೀಸರಿನ ಸ್ವಿಚ್ ಹಾಕುವ ಮುಂಚೆ, ಎಲೆಕ್ಟ್ರಿಷಿಯನ್ ಬಂದು ಅರ್ತಿಂಗ್ ಅಳೆದು ನೋಡಲಿ. ಅದು ಪೈಪಿಗೆ ಕಟ್ಟಿದ್ದೇ ಆಗಿದ್ದರೆ ಹೊಸ ಅರ್ತ್ ಗುಂಡಿ ತೋಡಿಸಿ.