ಎನ್‌ಎಸ್‌ಎ ಯಾವ ಸಮಿತಿಯ ಪಾಲು?

ಅಮೆರಿಕದ ಸೆನೆಟ್‌ನಲ್ಲಿ ಗುಪ್ತಚರ ಸಮಿತಿಯೇ ಇರುವಾಗ ಎನ್‌ಎಸ್‌ಎ (ವಿದೇಶಿ ಸಂವಹನ ಕದ್ದಾಲಿಸುವ ರಾಷ್ಟ್ರೀಯ ಭದ್ರತಾ ಸಂಸ್ಥೆ) ವಿಷಯಕ್ಕೆ ಸಶಸ್ತ್ರ ಪಡೆಗಳ ಸಮಿತಿ ಯಾಕೆ ತಲೆಹಾಕುತ್ತೆ ಅಂತ ಕೇಳಿದ್ದೀರಿ. ಎನ್‌ಎಸ್‌ಎ ಇರುವುದು ರಕ್ಷಣಾ ಇಲಾಖೆಯೊಳಗೆ, ಅದಕ್ಕೇ. 1976ರಲ್ಲಿ 400ನೇ ನಿರ್ಣಯದಿಂದ ಗುಪ್ತಚರ ಸಮಿತಿ ಹುಟ್ಟಿದಾಗ ಹಳೆಯ ಸಮಿತಿಗಳೇನೂ ಜಾಗ ಖಾಲಿ ಮಾಡಲಿಲ್ಲ. ಸಿಐಎ ಹೆಚ್ಚುಕಡಿಮೆ ಪೂರ್ತಿ ಹೊಸಬರಿಗೆ ಬಂತು. ಸೇನೆಯ ನಂಟಿರುವ ಸಂಸ್ಥೆಗಳಲ್ಲಿ ಗುಪ್ತಚರ ಸಮಿತಿಗೂ ಸಶಸ್ತ್ರ ಪಡೆಗಳ ಸಮಿತಿಗೂ ಪಾಲು. ಮೇಲಾಗಿ ವಿನಿಯೋಗ (ಅಂದರೆ ಹಣ ಮಂಜೂರು ಮಾಡುವ), ಸಶಸ್ತ್ರ ಪಡೆ, ವಿದೇಶಾಂಗ, ನ್ಯಾಯಾಂಗ ಸಮಿತಿಗಳಿಂದ ತಲಾ ಇಬ್ಬರು ಗುಪ್ತಚರ ಸಮಿತಿಯಲ್ಲಿ ಕೂರಲೇಬೇಕು ಅಂತ ನಿರ್ಣಯವೇ ಹೇಳುತ್ತೆ. ನೆರೆಮನೆಯವರಿಗೂ ಬೀಗದ ಕೈ ಕೊಟ್ಟ ಹಾಗೆ.

ನನ್ನ ಕೇಳಿದರೆ ನೀವು ನೋಡಬೇಕಾದ್ದು ವಿನಿಯೋಗ ಸಮಿತಿಯನ್ನು. 2004ರ ಡಿಸೆಂಬರ್ ಆದಮೇಲೆ 2010ರ ಅಕ್ಟೋಬರ್‌ವರೆಗೆ ಗುಪ್ತಚರ ಸಮಿತಿ ರೂಪಿಸುವ ವಾರ್ಷಿಕ ಗುಪ್ತಚರ ಅನುಮೋದನಾ ಮಸೂದೆ ಒಂದೂ ಕಾನೂನಾಗಲಿಲ್ಲ. 2008ರಲ್ಲಿ ಅಧ್ಯಕ್ಷ ಬುಷ್ ಒಂದಕ್ಕೆ ವೀಟೊ ಹಾಕಿದರು. ಆದರೂ ಏಜೆನ್ಸಿಗಳಿಗೆ ದುಡ್ಡು ಬರುತ್ತಲೇ ಇತ್ತು, ರಕ್ಷಣಾ ವಿನಿಯೋಗದ ದಾರಿಯಲ್ಲಿ. ಹೀಗಿರುವಾಗ ಗುಪ್ತಚರ ಸಮಿತಿ ಗದರಿದರೆ ಯಾರಿಗೆ ಭಯ?

9/11 ದಾಳಿಯ ತನಿಖೆ ನಡೆಸಿದ ಆಯೋಗ 2004ರಲ್ಲಿ ಅನುಮೋದನೆ, ಹಣ ಎರಡನ್ನೂ ಒಂದೇ ಸಮಿತಿಗೆ ಕೊಡುವ ದಾರಿಯನ್ನೂ ಸೂಚಿಸಿತ್ತು. ಅದೇ ವರ್ಷ ಸೆನೆಟ್ 445ನೇ ನಿರ್ಣಯದಲ್ಲಿ ಗುಪ್ತಚರಕ್ಕೆಂದೇ ವಿನಿಯೋಗ ಉಪಸಮಿತಿ ಮಾಡುತ್ತೇವೆ ಅಂತ ಒಪ್ಪಿತು. ಮಾಡಲಿಲ್ಲ.