ಹಳೇ ಸ್ಪೋರ್ಟ್ಸ್ ಕಾರು, ಮನೆಯ ಗ್ಯಾರೇಜು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಇಂಗ್ಲೆಂಡಿನಲ್ಲಿರುವ ಕನ್ನಡಿಗರದು, ಅದರಲ್ಲೂ ಹೆಚ್ಚಿನವು ಎಂಜಿಬಿ ಅನ್ನೋ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ಬಗ್ಗೆ. ಆಶ್ಚರ್ಯವೇನಿಲ್ಲ. ಆಕ್ಸ್‌ಫರ್ಡ್ ಹತ್ತಿರದ ಆಬಿಂಗ್ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಜಾಸ್ತಿ ತಯಾರಾದ ಕಾರು ಅದು. ಬಿಡಿಭಾಗ ಇವತ್ತಿಗೂ ಸಿಗುತ್ತವೆ, ಎಂಜಿನ್ ಸರಳ, ಮನೆಯಲ್ಲೇ ಬಿಚ್ಚಿ ಜೋಡಿಸಬಹುದು. ನನಗಂತೂ ತುಂಬಾ ಇಷ್ಟದ ಕಾರು. ಹಾಗಾಗಿ ಮೊದಲ ಉತ್ತರ ಸ್ವಲ್ಪ ಉದ್ದವಾಗಿದೆ.

ಪ್ರಶ್ನೆ: 1971ರ ಎಂಜಿಬಿ ರೋಡ್‌ಸ್ಟರ್ ತಗೊಂಡಿದ್ದೇನೆ. ಪೇಂಟ್ ಪಳಪಳ ಹೊಳೆಯುತ್ತದೆ, ಎಂಜಿನ್ ಮಾತ್ರ ಹೊಗೆ ಬಿಡುತ್ತದೆ. ಎಂಜಿನ್ ಇಳಿಸಿ ಕೆಲಸ ಶುರು ಮಾಡೋಣ ಅಂತಿದ್ದೇನೆ. ಬಲಗಡೆ ಬಾಗಿಲನ್ನು ಸ್ವಲ್ಪ ಎತ್ತಿ ಹಾಕಬೇಕು, ಹಿಂಜ್ ಸವೆದಿರಬೇಕು ಅಲ್ವಾ?
(ಓದುಗರು, ಕವೆಂಟ್ರಿ)

ಉತ್ತರ: ಎಂಜಿನ್ ಸದ್ಯಕ್ಕೆ ಮುಟ್ಟಬೇಡಿ. ಮೊದಲು ಆ ಬಾಗಿಲು ನೋಡಿ. ಅರ್ಧ ತೆರೆದು, ತುದಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಲೊಡಲೊಡ ಅಂದರೆ ಹಿಂಜ್, ಸಣ್ಣ ಕೆಲಸ. ಬಾಗಿಲು ಗಟ್ಟಿಯಾಗಿದ್ದೂ ಸರಿಯಾಗಿ ಕೂರುತ್ತಿಲ್ಲ ಅಂದರೆ ಕಾರಿನ ನಡುವೇ ಕುಸಿದಿರಬಹುದು.

ಎಂಜಿಬಿಗೆ ಬೇರೆ ಚಾಸಿ ಅನ್ನೋದು ಇಲ್ಲ, ಬಾಡಿಯೇ ಎಲ್ಲ ಭಾರ ಹೊರಬೇಕು. ರೋಡ್‌ಸ್ಟರಿಗೆ ಮೇಲೆ ಗಟ್ಟಿ ಟಾಪೂ ಇಲ್ಲ. ಹಾಗಾಗಿ ಮುಂಭಾಗ ಹಿಂಭಾಗಗಳನ್ನು ಹಿಡಿದಿಟ್ಟಿರುವುದು ಮುಖ್ಯವಾಗಿ ಬಾಗಿಲ ಕೆಳಗಿನ ಸಿಲ್. ಆ ಸಿಲ್ ಕೂಡ ಒಂದೇ ತಗಡಲ್ಲ. ಹೊರಗೊಂದು, ಒಳಗೊಂದು, ನಡುವೆ ನಿಂತ ಇನ್ನೊಂದು ತಗಡು, ಅಡಿಯಲ್ಲಿ ಕ್ಯಾಸಲ್ ರೈಲ್ ಅನ್ನೋ ಪಟ್ಟಿ, ಎಲ್ಲ ಸೇರಿ ಒಂದು ಪೆಟ್ಟಿಗೆ. ಮುಂದಿನ ಚಕ್ರ ಎರಚಿದ ಕೆಸರು ಮಡ್‌ಗಾರ್ಡಿನ ಒಳಮೂಲೆಯಲ್ಲಿ ಕೂತು, ವರ್ಷಗಟ್ಟಲೆ ಹಸಿಯಾಗೇ ಇದ್ದು, ಈ ಪೆಟ್ಟಿಗೆಯನ್ನು ಒಳಗಿಂದ ತಿನ್ನುತ್ತದೆ. ಹೊರಗಿನ ಪೇಂಟಿನಲ್ಲಿ ಗುಳ್ಳೆ ಕಾಣುವ ಹೊತ್ತಿಗೆ ಒಳಗಿನ ತಗಡು ಪುಡಿಪುಡಿ.

ಫ್ರಿಜ್ಜಿನ ಮೇಲೆ ಅಂಟಿಸುವ ಮ್ಯಾಗ್ನೆಟ್ಟಿಗೆ ತೆಳು ಬಟ್ಟೆ ಸುತ್ತಿ, ಸಿಲ್ ಉದ್ದಕ್ಕೂ ಎಳೆಯಿರಿ. ಹಿಡಿತ ತಪ್ಪಿದ ಕಡೆ ಇರುವುದು ಪುಟ್ಟಿ. ಆಮೇಲೆ ಜಾಕಿ ಕೊಟ್ಟು ಆ ಬದಿಯನ್ನು ಸ್ವಲ್ಪವೇ ಎತ್ತಿ, ಬಾಗಿಲ ಹಿಂದಿನ ಸಂದು ನೋಡಿ. ಎತ್ತುವ ಮೊದಲು ಇದ್ದ ಸಂದಿಗೂ ಎತ್ತಿದ ಮೇಲಿನ ಸಂದಿಗೂ ವ್ಯತ್ಯಾಸ ಬಂತೋ, ಸಿಲ್ ಹೋಗಿದೆ. ಕಾರಿನ ಅಡಿಗೂ ಹೋಗಿ ನೋಡಿ. ಕೊಳೆತ ಸಿಲ್ ಮೇಲೆ ಹೊಸ ತಗಡು ಹೊದಿಸಿ ಪೇಂಟ್ ಹೊಡೆದ ಕಾರುಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. ತಗಡುಗಳು ಕೂಡುವ ಅಂಚು ಎಲ್ಲೂ ಕಾಣದೆ ನುಣ್ಣಗಿದ್ದರೆ ನನಗೆ ಅನುಮಾನವೇ.

ಕೆಲಸ ಮಾಡಲೇಬೇಕಾದರೆ ಕ್ರಮ ತಪ್ಪಿಸಬೇಡಿ. ಸಮತಟ್ಟಾದ ನೆಲದಲ್ಲಿ ಕಾರು ನಿಲ್ಲಿಸಿ, ಹಿಂದೆ ಮುಂದೆ ಸ್ಟ್ಯಾಂಡ್ ಕೊಟ್ಟು, ಬಾಗಿಲ ಸುತ್ತಲಿನ ಸಂದು ಮೇಲಿಂದ ಕೆಳಗಿನವರೆಗೆ ಒಂದೇ ಸಮ ಬರುವಂತೆ ಹೊಂದಿಸಿಕೊಳ್ಳಿ. ಹಿಂಜ್ ಕಂಬದಿಂದ ಲಾಕ್ ಕಂಬಕ್ಕೆ ಆಂಗ್ಲ್ ಕಬ್ಬಿಣ ಅಡ್ಡ ಕೊಟ್ಟು ಬಿಗಿ ಮಾಡಿ. ಇದೊಂದು ಕೆಲಸ ಮಾತ್ರ ಬಿಡಲೇಬೇಡಿ. ಒಂದು ಬದಿ ಪೂರ್ತಿ ಮುಗಿಯುವವರೆಗೆ ಇನ್ನೊಂದು ಬದಿ ಕತ್ತರಿಸಬೇಡಿ. ಹೊಸ ತಗಡನ್ನು ಕ್ಲ್ಯಾಂಪಿನಲ್ಲಿ ಹಿಡಿಸಿ, ಅಲ್ಲಲ್ಲಿ ಬರೀ ಚುಕ್ಕೆ ವೆಲ್ಡ್ ಇಟ್ಟು, ಬಾಗಿಲು ತೂಗಿಸಿ, ಹಾಕಿ ತೆಗೆದು ನೋಡಿ. ಸರಿ ಬಂದ ಮೇಲೆ ಪೂರ್ತಿ ವೆಲ್ಡ್. ಒಂದೇ ಕಡೆ ಉದ್ದಕ್ಕೆ ಎಳೆಯಬೇಡಿ, ತಗಡು ಸೊಟ್ಟಗಾಗುತ್ತದೆ. ಇಲ್ಲಿ ಸ್ವಲ್ಪ, ಅಲ್ಲಿ ಸ್ವಲ್ಪ, ನಡುವೆ ಆರಲು ಬಿಡಿ.

ಬೆಂಕಿಯ ವಿಷಯ ಹೇಳದೆ ಮುಂದೆ ಹೋಗಲಾರೆ. ವೆಲ್ಡಿಂಗಿಗೆ ಮೊದಲು ಪೆಟ್ರೋಲ್ ಟ್ಯಾಂಕ್ ಬಿಚ್ಚಿ ಗ್ಯಾರೇಜಿನಿಂದ ಹೊರಗಿಡಿ, ಪೆಟ್ರೋಲ್ ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕಿನ ಆವಿ ಅಪಾಯ. ಬ್ಯಾಟರಿ, ಸೀಟು, ಕಾರ್ಪೆಟ್ ಎಲ್ಲ ಹೊರಗೆ. ತಳಕ್ಕೆ ಬಳಿದ ಹಳೇ ಟಾರು ಕೂಡ ಹೊತ್ತಿಕೊಳ್ಳುತ್ತದೆ. ಕೆಲಸ ನಿಲ್ಲಿಸಿದ ತಕ್ಷಣ ಬಾಗಿಲು ಹಾಕಿಕೊಂಡು ಊಟಕ್ಕೆ ಹೋಗಬೇಡಿ, ಸ್ವಲ್ಪ ಹೊತ್ತು ಅಲ್ಲೇ ಇದ್ದು ವಾಸನೆ, ಹೊಗೆ ನೋಡಿ.

ಸಿಲ್ ಜೊತೆಗೆ ನೆಲ, ಹಿಂದಿನ ಚಕ್ರದ ಮೇಲಿನ ಕಮಾನು ಎಲ್ಲವೂ ಹೋಗಿದ್ದರೆ ಇನ್ನೊಂದು ದಾರಿ ಇದೆ. ಬ್ರಿಟಿಷ್ ಮೋಟರ್ ಹೆರಿಟೇಜ್ ಕಂಪನಿ 1988ರಿಂದ ಎಂಜಿಬಿಯ ಪೂರ್ತಿ ಹೊಸ ಬಾಡಿಯನ್ನೇ ಮಾಡಿ ಕೊಡುತ್ತಿದೆ. ಬೆಲೆ ಕೇಳಿದರೆ ಎದೆ ಧಸಕ್ ಅನ್ನಬಹುದು, ಆದರೂ ಬಿಡಿ ತಗಡು ಮತ್ತು ಟಿಂಕರಿಂಗ್ ಖರ್ಚು ಕೂಡಿಸಿ ಹೋಲಿಸಿ ನೋಡಿ.

ಇನ್ನು ಹೊಗೆ. ಆಕ್ಸಿಲರೇಟರ್ ಒತ್ತಿದಾಗ ನೀಲಿ ಹೊಗೆ ಬಂದರೆ ಹೆಚ್ಚಾಗಿ ಪಿಸ್ಟನ್ ರಿಂಗ್, ಇಳಿಜಾರಿನಲ್ಲಿ ಕಾಲು ತೆಗೆದು ಆಮೇಲೆ ಒತ್ತಿದಾಗ ಬಂದರೆ ಹೆಚ್ಚಾಗಿ ವಾಲ್ವ್ ಗೈಡ್. ಎರಡೂ ಕಾಯಬಲ್ಲ ರಿಪೇರಿ. ಸಿಲ್ ಕಾಯುವುದಿಲ್ಲ.

ಪ್ರಶ್ನೆ: ನನ್ನ ಎಂಜಿಬಿಯ ಎರಡು ಎಸ್‌ಯು ಕಾರ್ಬರೇಟರ್ (ಎಂಜಿನ್ನಿಗೆ ಪೆಟ್ರೋಲ್, ಗಾಳಿ ಬೆರೆಸಿ ಕೊಡುವ ಭಾಗ) ಎಷ್ಟು ತಿರುಗಿಸಿದರೂ ಐಡಲ್ (ಆಕ್ಸಿಲರೇಟರ್ ಒತ್ತದಿದ್ದಾಗಿನ ಎಂಜಿನ್ ಓಟ) ಸರಿ ಬರುತ್ತಿಲ್ಲ. ಕಿತ್ತು ಬೇರೆ ಹಾಕಿಸಿ ಅಂತ ಸ್ನೇಹಿತರು ಹೇಳುತ್ತಾರೆ.
(ಓದುಗರು, ರೆಡಿಂಗ್)

ಉತ್ತರ: ದಯವಿಟ್ಟು ಕೀಳಬೇಡಿ. ಎಸ್‌ಯು ಕಾರ್ಬರೇಟರಿನಷ್ಟು ಸರಳ ವಸ್ತು ಆ ಕಾರಿನಲ್ಲಿ ಬೇರೆ ಇಲ್ಲ. ಜನ ಎಡವುವುದು ಕ್ರಮದಲ್ಲಿ. ಮೊದಲು ವಾಲ್ವ್ ಗ್ಯಾಪ್, ಆಮೇಲೆ ಪಾಯಿಂಟ್ ಗ್ಯಾಪ್ (0.015 ಇಂಚು), ಪ್ಲಗ್ ಗ್ಯಾಪ್ (0.025 ಇಂಚು), ಟೈಮಿಂಗ್. ಕಾರ್ಬರೇಟರ್ ಕೊನೆಗೆ. ಇಗ್ನಿಷನ್, ಅಂದರೆ ಕಿಡಿ ಹೊತ್ತಿಸುವ ಈ ವ್ಯವಸ್ಥೆ, ತಪ್ಪಿದ್ದಾಗ ಕಾರ್ಬರೇಟರ್ ತಿರುಗಿಸುತ್ತಾ ಕೂತರೆ ಎರಡೂ ಕೆಡುತ್ತವೆ.

ಎಂಜಿನ್ ಪೂರ್ತಿ ಬಿಸಿಯಾಗಲಿ. ಎರಡೂ ಕಾರ್ಬರೇಟರನ್ನು ಜೋಡಿಸುವ ಕಡ್ಡಿಯನ್ನು ಸಡಿಲಿಸಿ. ಒಂದು ತುಂಡು ರಬ್ಬರ್ ಪೈಪನ್ನು ಕಿವಿಗಿಟ್ಟು ಇನ್ನೊಂದು ತುದಿಯನ್ನು ಒಂದೊಂದರ ಬಾಯಿಗೆ ಹಿಡಿಯಿರಿ. ಎರಡರ ಸುಯ್ ಅನ್ನೋ ಸದ್ದು ಒಂದೇ ಸಮ ಬರುವವರೆಗೆ ಐಡಲ್ ಸ್ಕ್ರೂ ತಿರುಗಿಸಿ. ನಂತರ ಮಿಕ್ಸ್ಚರ್, ಅಂದರೆ ಪೆಟ್ರೋಲ್ ಗಾಳಿಯ ಬೆರಕೆ. ಬದಿಯಲ್ಲಿರುವ ಪುಟ್ಟ ಪಿನ್ನಿನಿಂದ ಕಾರ್ಬರೇಟರಿನೊಳಗಿನ ಪಿಸ್ಟನ್ನನ್ನು ಒಂದು ಮಿಲಿಮೀಟರಿಗಿಂತ ಕಡಿಮೆ ಎತ್ತಿ ಕೇಳಿಸಿಕೊಳ್ಳಿ. ಎಂಜಿನ್ ವೇಗ ಏರಿ ಏರಿದಲ್ಲೇ ನಿಂತರೆ ಪೆಟ್ರೋಲ್ ಜಾಸ್ತಿ. ತಕ್ಷಣ ಕುಸಿದರೆ ಕಡಿಮೆ. ಒಂದು ಕ್ಷಣ ಸ್ವಲ್ಪ ಏರಿ ಮತ್ತೆ ಮೊದಲಿನಂತಾದರೆ ಸರಿ. ಕೆಳಗಿನ ಜೆಟ್ ನಟ್ಟನ್ನು ಒಂದು ಸಲಕ್ಕೆ ಒಂದೇ ಮುಖದಷ್ಟು ತಿರುಗಿಸಿ: ಮೇಲೆ ಹೋದರೆ ಪೆಟ್ರೋಲ್ ಕಡಿಮೆ, ಕೆಳಗೆ ಬಂದರೆ ಜಾಸ್ತಿ. ಮೇಲಿನ ಡ್ಯಾಶ್‌ಪಾಟಿನಲ್ಲಿ ಎಣ್ಣೆ ಇದೆಯಾ ನೋಡಿದ್ದೀರಾ? 20 ಗ್ರೇಡ್ ಎಣ್ಣೆ ಸಾಕು. ಅದು ಒಣಗಿದ್ದರೆ ಆಕ್ಸಿಲರೇಟರ್ ಒತ್ತಿದ ಕೂಡಲೇ ಎಂಜಿನ್ ಮುಗ್ಗರಿಸುತ್ತದೆ.

ಇಷ್ಟಾದರೂ ಐಡಲ್ ನಿಲ್ಲದಿದ್ದರೆ ಥ್ರಾಟಲ್ ಕಡ್ಡಿ ಸವೆದು ಗಾಳಿ ಎಳೆಯುತ್ತಿದೆ. ಅದಕ್ಕೆ ಬುಷ್ ಹಾಕಿಸಬೇಕು. ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರಿನಿಂದ ಮಾಮೂಲಿ ಪೆಟ್ರೋಲ್ ಅಂದರೆ ಇ10, ಅದರಲ್ಲಿ ಹತ್ತು ಪರ್ಸೆಂಟಿನವರೆಗೆ ಎಥನಾಲ್ ಬೆರೆತಿರುತ್ತದೆ. ಹಳೇ ರಬ್ಬರ್ ಪೈಪುಗಳಿಗೆ ಎಥನಾಲ್ ಆಗಿಬರುವುದಿಲ್ಲ, ಪೈಪು ಬದಲಾಯಿಸಿಬಿಡಿ.

ಪ್ರಶ್ನೆ: ನಮ್ಮ ತಾತನ ಸ್ಟ್ಯಾಂಡರ್ಡ್ ಹೆರಾಲ್ಡ್ ಹಳೇ ಕೊಟ್ಟಿಗೆಯಲ್ಲಿ ನಿಂತಿದೆ. ಸ್ಪೋರ್ಟ್ಸ್ ಕಾರಲ್ಲ ಅಂತ ಗೊತ್ತು, ಆದರೂ ಕೇಳುತ್ತಿದ್ದೇನೆ. ಭಾಗಗಳು ಸಿಗುತ್ತವಾ? ದಾಖಲೆ ಕಥೆ ಏನು?
(ಓದುಗರು, ಶಿವಮೊಗ್ಗ)

ಉತ್ತರ: ಸಂಕೋಚ ಬೇಡ, ನಿಮ್ಮ ಕಾರು ಸ್ಪೋರ್ಟ್ಸ್ ಕಾರಿನ ಹತ್ತಿರದ ಸಂಬಂಧಿ. ಇಟಲಿಯ ಮಿಕೆಲೊಟ್ಟಿ ವಿನ್ಯಾಸ ಮಾಡಿದ ಟ್ರಯಂಫ್ ಹೆರಾಲ್ಡ್ ಇಂಗ್ಲೆಂಡಿನಲ್ಲಿ 1959ರಲ್ಲಿ ಬಂತು. ಅದನ್ನೇ ಮದರಾಸಿನ ಸ್ಟ್ಯಾಂಡರ್ಡ್ ಕಂಪನಿ ಇಲ್ಲಿ ತಯಾರಿಸಿತು. ಅದೇ ಚಾಸಿಯನ್ನು ಗಿಡ್ಡ ಮಾಡಿ 1962ರಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ಅನ್ನೋ ಸ್ಪೋರ್ಟ್ಸ್ ಕಾರು ಮಾಡಿದರು. ಸ್ಪಿಟ್‌ಫೈರ್ ಅಭಿಮಾನಿಗಳು ಇಂಗ್ಲೆಂಡಿನಲ್ಲಿ ತುಂಬಾ ಇರುವುದರಿಂದ ಮುಂದಿನ ಸಸ್ಪೆನ್ಷನ್ನಿನ ಎಷ್ಟೋ ಭಾಗಗಳು ಅಲ್ಲಿಂದ ತರಿಸಬಹುದು. ನಿಮ್ಮ ಹೆರಾಲ್ಡಿಗೆ ಬೇರೆ ಚಾಸಿ ಇದೆ, ಬಾನೆಟ್ ಮಡ್‌ಗಾರ್ಡ್ ಸಮೇತ ಮುಂದಕ್ಕೆ ಬಾಗುತ್ತದೆ, ಎಂಜಿನ್ ಪಕ್ಕ ಚಕ್ರದ ಮೇಲೆ ಕೂತು ಕೆಲಸ ಮಾಡಬಹುದು. ಮನೆಯ ಕೆಲಸಕ್ಕೆ ಇದಕ್ಕಿಂತ ಒಳ್ಳೇ ಕಾರು ನನಗೆ ಗೊತ್ತಿಲ್ಲ. ಮಲೆನಾಡಿನ ಮಳೆ ಕಂಡ ಚಾಸಿ, ಅದನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಟಣ್ ಅನ್ನಬೇಕು, ಡಬ್ ಅನ್ನಬಾರದು.

ಒಂದು ಮಾತು ಮಾತ್ರ ಬರೆದಿಟ್ಟುಕೊಳ್ಳಿ. ಮುಂದಿನ ಚಕ್ರ ತಿರುಗುವುದು ಟ್ರನ್ನಿಯನ್ ಅನ್ನೋ ಹಿತ್ತಾಳೆ ಬಣ್ಣದ ತುಂಡಿನ ಮೇಲೆ. ಅದರೊಳಗೆ ಒಂದು ಉಕ್ಕಿನ ಕಂಬದ ತ್ರೆಡ್ ಕೂತಿರುತ್ತದೆ. ಅದಕ್ಕೆ ಗ್ರೀಸ್ ಅಲ್ಲ, 90 ನಂಬರಿನ ಗೇರ್ ಎಣ್ಣೆ ಹಾಕಬೇಕು. ಗ್ರೀಸ್ ಗಟ್ಟಿಯಾಗಿ ಕೂತರೆ ತ್ರೆಡ್ಡಿನ ತಳದಲ್ಲಿ ನೀರು ನಿಂತು ತುಕ್ಕು ಹಿಡಿಯುತ್ತದೆ, ಒಂದು ದಿನ ತಿರುವಿನಲ್ಲಿ ಕಂಬ ಮುರಿದು ಚಕ್ರ ಮಡಚಿಕೊಳ್ಳುತ್ತದೆ. ಕಾರು ಓಡಿಸುವ ಮೊದಲು ಎರಡೂ ಬದಿ ಬಿಚ್ಚಿ ನೋಡಿ.

ದಾಖಲೆ ಬಗ್ಗೆಯೂ ಕೇಳಿದ್ದೀರಿ. 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಕಾರುಗಳಿಗೆ 2021ರ ಕೇಂದ್ರ ನಿಯಮದಲ್ಲಿ ವಿಂಟೇಜ್ ನೋಂದಣಿ ಇದೆ, ನಂಬರಿನಲ್ಲಿ ‘ವಿಎ’ ಬರುತ್ತದೆ. ತಾತನ ಆರ್‌ಸಿ ಪುಸ್ತಕ ಹುಡುಕಿ ಇಟ್ಟುಕೊಳ್ಳಿ.

ಪ್ರಶ್ನೆ: 1965ರ ಎಂಜಿಬಿಗೆ ಫೋನ್ ಚಾರ್ಜರ್ ಹಾಕಬಹುದಾ?
(ಓದುಗರು, ಲೆಸ್ಟರ್)

ಉತ್ತರ: ಹಾಗೇ ಹಾಕಬೇಡಿ. 1967ರವರೆಗಿನ ಎಂಜಿಬಿಗಳಲ್ಲಿ ಬ್ಯಾಟರಿಯ ಪ್ಲಸ್ ತುದಿ ಬಾಡಿಗೆ ಅರ್ತ್ ಆಗಿರುತ್ತದೆ. ಈಗಿನ ಚಾರ್ಜರ್ ಅದಕ್ಕೆ ಉಲ್ಟಾ, ಸುಟ್ಟುಹೋಗುತ್ತದೆ. ವ್ಯವಸ್ಥೆಯನ್ನೇ ಬದಲಾಯಿಸಬಹುದು, ಆದರೆ ಬ್ಯಾಟರಿ ವೈರ್ ತಿರುಗಿಸಿದರೆ ಮುಗಿಯಲಿಲ್ಲ. ಡೈನಮೋಗೆ ಹೊಸದಾಗಿ ಧ್ರುವ ಕೊಡಬೇಕು, ಕಾಯಿಲ್ ವೈರ್ ಅದಲುಬದಲು ಮಾಡಬೇಕು, ಆರ್‌ಪಿಎಂ ಮೀಟರ್ ಒಳಗೂ ಕೈ ಹಾಕಬೇಕು. ನನ್ನ ಕೇಳಿದರೆ ಕಾರನ್ನು ಇದ್ದ ಹಾಗೇ ಬಿಟ್ಟು ಒಂದು ಪವರ್‌ಬ್ಯಾಂಕ್ ಇಟ್ಟುಕೊಳ್ಳಿ.

ಪ್ರಶ್ನೆ: ನನ್ನ ಎಂಜಿಬಿಯಲ್ಲಿ 13 ಮಿಮೀ ಸ್ಪ್ಯಾನರ್ ಎಲ್ಲ ಕಡೆ ಜಾರುತ್ತಿದೆ. ನಟ್ಟು ಸವೆದಿದೆಯಾ?
(ಓದುಗರು, ಮಿಲ್ಟನ್ ಕೀನ್ಸ್)

ಉತ್ತರ: ಸವೆದಿಲ್ಲ, ಇನ್ನೂ ಕೆಲವು ದಿನ ಅದೇ ಸ್ಪ್ಯಾನರ್ ಹಾಕಿದರೆ ಸವೆಯುತ್ತದೆ. ಅದು ಅರ್ಧ ಇಂಚಿನ ನಟ್ಟು, ಅಂದರೆ 12.7 ಮಿಮೀ. ಎಎಫ್ ಅಳತೆಯ (ನಟ್ಟಿನ ಎದುರುಬದುರು ಮುಖಗಳ ನಡುವಿನ ಅಗಲ, ಇಂಚಿನಲ್ಲಿ) ಒಂದು ಸೆಟ್ ತಗೊಳ್ಳಿ. 7/16, 1/2, 9/16 ಈ ಮೂರಕ್ಕೇ ಕೈ ಜಾಸ್ತಿ ಹೋಗುತ್ತದೆ.

ಪ್ರಶ್ನೆ: 40 ವರ್ಷ ದಾಟಿದ ಕಾರಿಗೆ ಎಂಒಟಿ (ಬ್ರಿಟನ್ನಿನ ವಾರ್ಷಿಕ ವಾಹನ ತಪಾಸಣೆ) ಬೇಡವಂತೆ. ಮಾಡಿಸದೆ ರಸ್ತೆಗಿಳಿಸಲಾ?
(ಓದುಗರು, ಸ್ವಿಂಡನ್)

ಉತ್ತರ: ನಿಜ, 2018ರ ಮೇ ತಿಂಗಳಿನಿಂದ 40 ವರ್ಷ ದಾಟಿದ, ದೊಡ್ಡ ಬದಲಾವಣೆ ಮಾಡದ ಕಾರಿಗೆ ಎಂಒಟಿ ಕಡ್ಡಾಯವಲ್ಲ. ಆದರೂ ಮಾಡಿಸಿ. ನೀವೇ ಬಿಚ್ಚಿ ನೀವೇ ಜೋಡಿಸಿದ ಬ್ರೇಕನ್ನು ಇನ್ನೊಬ್ಬರ ಕಣ್ಣು ನೋಡಲೇಬೇಕು, ಅವರ ಬಳಿ ಬ್ರೇಕ್ ಅಳೆಯುವ ಯಂತ್ರವೂ ಇರುತ್ತದೆ. ಹೋಗುವ ಮೊದಲು ಬ್ರೇಕಿನ ರಬ್ಬರ್ ಪೈಪುಗಳು ಹಳೆಯವಾಗಿದ್ದರೆ ಬದಲಾಯಿಸಿ. ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡು, ಪೆಡಲ್ ಬಿಟ್ಟ ಮೇಲೂ ಬ್ರೇಕ್ ಹಿಡಿದೇ ಇರುತ್ತದೆ. ಕಡ್ಡಿ ಚಕ್ರ (ವೈರ್ ವೀಲ್) ಇದ್ದರೆ ನಡುವಿನ ನಟ್ಟನ್ನು ತಾಮ್ರದ ಸುತ್ತಿಗೆಯಿಂದ ಬಿಗಿ ಮಾಡಿ. ಅದು ಬಿಚ್ಚುವುದು ಕಾರು ಮುಂದಕ್ಕೆ ಹೋಗುವಾಗ ಚಕ್ರ ತಿರುಗುವ ದಿಕ್ಕಿಗೆ, ಹಾಗಾಗಿ ಎಡಬಲ ಅದಲುಬದಲಾಗದಂತೆ ನೋಡಿಕೊಳ್ಳಿ. ಮೊದಲ ಓಡಾಟ ಮುಗಿಸಿ ಬಂದ ಮೇಲೆ ನಾಲ್ಕನ್ನೂ ಇನ್ನೊಂದು ಸಲ ಬಿಗಿ ಮಾಡಿ.